ಇಂಟರ್ವಲ್‌ಗೆ ಬಂದುಬಿಡ್ತೀನಿ

ಮುಂದೆ ನಿಂತವನ ಕಾಲರಿನಿಂದ ಬಿಳಿಯ ಚೀಟಿಯೊಂದು ಹೊರಗೆ ಮಗುಚಿಕೊಂಡಿದೆ, ತಣ್ಣೀರಿನಲ್ಲೇ ಒಗೆಯಿರಿ, ಹಿಂಡಬೇಡಿ, ಅದನ್ನು ಬೆರಳಿನಿಂದ ಒಳಗೆ ತಳ್ಳಿಬಿಡೋಣ ಅನ್ನಿಸುತ್ತದೆ, ತಳ್ಳುವುದಿಲ್ಲ, ಗುರುತಿಲ್ಲದವರ ಕುತ್ತಿಗೆ — ವೇದಿಕೆಯ ಮೇಲೆ ಯಾವನೋ ಒಬ್ಬ ಮೈಕಿಗೆ ಬಗ್ಗಿ ಚೆಕ್, ಒನ್, ಒನ್, ಚೆಕ್ ಅನ್ನುತ್ತಿದ್ದಾನೆ, ಎರಡಕ್ಕೆ ಹೋಗುವುದೇ ಇಲ್ಲ ಮಹಾರಾಯ, ಸ್ಪೀಕರುಗಳ ಹೊಟ್ಟೆಯಲ್ಲಿ ಗುಂಯ್ ಅಂತ ಒಂದು ಸದ್ದು ಮಗ್ಗುಲಾಗಿ ಮಲಗಿದೆ, ಐವತ್ತು ಹರ್ಟ್ಸ್, ಯಾರೂ ಹೇಳದೆ ಅವಳ ಕಿವಿ ಅಳೆದುಬಿಡುತ್ತದೆ, ಭಾನುವಾರ ಅಂತಲೂ ನೋಡುವುದಿಲ್ಲ, ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡಲ್ಲ ಅನ್ನೋ ಹಾಗೆ, ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಏಳು ವರ್ಷ, ದಿನಕ್ಕೆ ಹದಿನಾರು ಜನರ ಕಿವಿಗೆ ಬೀಪ್ ಬಿಟ್ಟು ಕೇಳಿಸ್ತಾ, ಕೇಳಿಸ್ತಾ ಅಂತ ಕೂತವಳಿಗೆ ಇನ್ನೇನು ಬರಬೇಕು. ಹಳೆಯ ನೂಲಿನ ಗಿರಣಿ ಇದು, ಮಾಡಿನ ಗಾಜಿನಿಂದ ಮಧ್ಯಾಹ್ನದ ಬಿಸಿಲು ಚೌಕ ಚೌಕವಾಗಿ ತಲೆಗಳ ಮೇಲೆ ಬಿದ್ದಿದೆ, ಮೂರೂವರೆಗೆ ಶುರು ಅಂತ ಬರೆದಿದ್ದರು, ಮೂರು ನಲವತ್ತಾಯಿತು, ಹತ್ತು ವರ್ಷ ಕಾದವಳಿಗೆ ಹತ್ತು ನಿಮಿಷ ಯಾವ ಲೆಕ್ಕ. ಮಣಿಕಟ್ಟಿನಲ್ಲಿ ಹಳದಿ ಬಟ್ಟೆಯ ಪಟ್ಟಿ, ಗೇಟಿನ ಹೆಂಗಸು ಅದನ್ನು ಬಿಗಿಯುವಾಗ ಇವಳು ಬೆರಳನ್ನು ಒಳಗೆ ತೂರಿಸಿಕೊಂಡಿದ್ದಳು, ಸ್ವಲ್ಪ ಸಡಿಲ ಇರ್ಲಿ ಮೇಡಂ, ನಂಗೆ ಚರ್ಮ ಕೆರೆಯುತ್ತೆ, ಹೆಂಗಸು ಮುಖ ನೋಡಿ ನಕ್ಕಳು, ಎಲ್ರಿಗೂ ಇವತ್ತೇ ಕೆರೆಯುತ್ತೆ ನೋಡಿ, ಅಂದರೂ ಸಡಿಲವಾಗಿಯೇ ಬಿಟ್ಟಳು, ಈಗ ಕೈ ಕೆಳಗೆ ಮಾಡಿ ಎರಡು ಸಲ ಒದರಿದರೆ ಪಟ್ಟಿ ಜಾರಿ ಬರುತ್ತದೆ, ಇನ್ನೊಬ್ಬರ ಕೈಗೆ ಹಾಕಬಹುದು, ಅಕ್ಕನ ಕೈಗೆ, ಹಾಕಬಹುದು, ಆದರೆ ಹಾಕುವುದಿಲ್ಲ. ಅದಕ್ಕೇ ಸಡಿಲ ಬೇಕಾಗಿದ್ದು. ಬೀಗ ಹಾಕಿದ ಬಾಗಿಲನ್ನು ದಾಟಲಿಲ್ಲ ಅಂದರೆ ಅದರಲ್ಲಿ ಏನು ಬಂತು, ಬಾಗಿಲು ತೆರೆದಿದ್ದೂ ದಾಟಬಾರದು, ಆಗ ಅದು ತಾನು ಮಾಡಿದ್ದು ಅಂತಾಗುತ್ತದೆ.

ಬೆಳಿಗ್ಗೆ ಅಕ್ಕನ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಗೊತ್ತು ಮಾಡಿಕೊಂಡಿದ್ದಾಗಿತ್ತು, ಮೊದಲರ್ಧ ನೀನು, ಎರಡನೇ ಅರ್ಧ ನಾನು, ಇಂಟರ್ವಲ್ಲು ಅರ್ಧ ಗಂಟೆ ಅಂತ ಟಿಕೆಟ್ಟಿನ ಮೇಲೇ ಹಾಕಿದಾರೆ ನೋಡು ಮರೀ, ಗಿರಣಿಯಿಂದ ಇಲ್ಲಿಗೆ ಬಿರಬಿರನೆ ನಡೆದರೆ ಹತ್ತೇ ನಿಮಿಷ, ಪಾಪುಗೆ ಜ್ವರ ಇಳಿದಿದೆ, ಮಲಗಿರುತ್ತೆ, ನೀನು ಬಂದು ಪಕ್ಕದಲ್ಲಿ ಕೂತರೆ ಸಾಕು, ನಿಮ್ಮ ಭಾವ ರೈಲು ಓಡಿಸ್ಕೊಂಡು ಬರೋದು ನಾಳೆ ಬೆಳಿಗ್ಗೆ. ಸಿಕ್ಕಿದ್ದು ಒಂದೇ ಟಿಕೆಟ್ಟು, ಆರು ನಿಮಿಷಕ್ಕೆ ಎಲ್ಲ ಖಾಲಿ. ಅಕ್ಕ ಲೋಟ ತೊಳೆಯುತ್ತಾ ನೀರಿನ ಸದ್ದಿಗಿಂತ ಜೋರಾಗಿ ಮಾತಾಡುತ್ತಿದ್ದಳು, ಈಗೀಗ ಅವಳ ದನಿ ಅಷ್ಟು ಜೋರು, ತನಗೇ ತನ್ನ ದನಿ ಕೇಳದವರ ದನಿ, ಮಾತು ಮುಗಿದ ಕೂಡಲೇ ನಲ್ಲಿ ನಿಲ್ಲಿಸಿ ಎದುರಿನವರ ಬಾಯನ್ನೇ ನೋಡುತ್ತಾಳೆ, ಕಣ್ಣು ನೋಡುವುದಿಲ್ಲ. ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ, ಆಮೇಲೆ ಮಾತಿಗಾದರೆ ಯಂತ್ರ ಇದೆ, ಹಾಡಿಗೆ ಇಲ್ಲ, ಹಾಡು ತಗಡಿನ ಮೇಲೆ ಹರಳು ಸುರಿದ ಹಾಗೆ ಕೇಳುತ್ತೆ, ಇದನ್ನು ಅಕ್ಕನಿಗೆ ಹೇಳಿದವಳೂ ಇವಳೇ. ಅಕ್ಕ ಅತ್ತಿರಲಿಲ್ಲ. ಹಾಗಾದ್ರೆ ಅಷ್ಟರೊಳಗೆ ಇನ್ನೊಂದು ಸಲ ಅವರನ್ನ ನೋಡಿಬಿಡ್ಬೇಕು ಕಣೇ ಅಂದಿದ್ದಳು, ಅವರು ಅಂದರೆ ‘ಸೋಮವಾರದ ಜನ’, ಈ ನಾಲ್ಕು ಜನರ ತಂಡ, ಹತ್ತು ವರ್ಷದ ಹಿಂದೆ ಒಡೆದುಹೋಗಿದ್ದು ಈಗ ಒಂದೇ ಒಂದು ಮಧ್ಯಾಹ್ನಕ್ಕೆ ಕೂಡಿಕೊಂಡಿದೆ. ಇನ್ನೊಂದು ಸಲ! ಅಕ್ಕನಿಗೆ ಇನ್ನೊಂದು ಸಲ, ಇವಳಿಗೆ ಇದೇ ಮೊದಲು. ಬರ್ತೀಯ ತಾನೇ ಅಂತ ಅಕ್ಕ ಅವಳ ತುಟಿಯನ್ನೇ ನೋಡಿದಳು, ಅವಳು ತುಟಿಗಳನ್ನು ಬಿಡಿಸಿ ಬಿಡಿಸಿ, ಒಂದೊಂದು ಅಕ್ಷರವನ್ನೂ ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ ಹೇಳಿದಳು, ಇಂಟರ್ವಲ್‌ಗೆ ಬಂದುಬಿಡ್ತೀನಿ ಅಕ್ಕಾ. ಹತ್ತು ವರ್ಷದ ಹಿಂದೆ ಅಕ್ಕ ಆಡಿದ್ದ ಮಾತು, ಅಕ್ಷರ ಬದಲಾಗಿಲ್ಲ, ಕೊನೆಯ ಆ ಅಕ್ಕಾ ಒಂದೇ ಹೊಸದು. ಅಕ್ಕನಿಗೆ ನೆನಪಾಗಲಿಲ್ಲ. ಒಂಚೂರು ಮುಖ ಬಾಡಿದ್ದರೆ, ಅಯ್ಯೋ ಅವತ್ತು ನಾನು ನಿಂಗೆ ಅಂತ ಒಂದು ಮಾತು ಬಂದಿದ್ದರೆ, ಬಹುಶಃ — ಇಲ್ಲ, ಬರಲಿಲ್ಲ, ಲೋಟ ಬೋರಲು ಹಾಕಿ ಕೈ ಒರೆಸಿಕೊಂಡಳು, ಹೊಡೆದವರಿಗೆ ಮರೆಯುತ್ತದೆ, ಹೊಡೆಸಿಕೊಂಡವರಿಗೆ ಮರೆಯುವುದಿಲ್ಲ.

ಅವತ್ತು ಅಪ್ಪ ಮಲಗಿದಲ್ಲೇ, ದರ್ಜಿ ಕೆಲಸದ ಎತ್ತರದ ಸ್ಟೂಲಿನಿಂದ ಬಿದ್ದು ಸೊಂಟ ಮುರಿದುಕೊಂಡು ಮೂರನೇ ವಾರ, ಅಮ್ಮನಿಗೆ ಆಸ್ಪತ್ರೆಯಲ್ಲಿ ನರ್ಸು ಕೆಲಸದ ಹಗಲು ಪಾಳಿ, ಮನೆಯಲ್ಲಿ ಒಬ್ಬರು ಇರಲೇಬೇಕು, ಮೊದಲರ್ಧ ನಾನು ಹೋಗ್ತೀನಿ ಕಣೇ, ಇಂಟರ್ವಲ್‌ಗೆ ಬಂದುಬಿಡ್ತೀನಿ, ನೀನು ಎರಡನೇ ಅರ್ಧ ಹೋಗು, ಚೆನ್ನಾಗಿರೋ ಹಾಡೆಲ್ಲ ಎರಡನೇ ಅರ್ಧದಲ್ಲೇ ಇರೋದು ಪೆದ್ದಿ, ಹಾಗೆ ನೋಡಿದರೆ ನಾನೇ ತ್ಯಾಗ ಮಾಡ್ತಿರೋದು. ಹದಿನೆಂಟು ವರ್ಷದ ಪೆದ್ದಿ ನೀಲಿ ಅಂಗಿ ಹಾಕಿಕೊಂಡು, ಜಡೆಯನ್ನು ಎರಡು ಸಲ ಬಿಚ್ಚಿ ಕಟ್ಟಿ, ಶೂ ಹಾಕಿಕೊಂಡೇ ಅಪ್ಪನ ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು, ಐದು ಗಂಟೆ, ಐದೂಕಾಲು, ಅಪ್ಪ ಕಣ್ಣು ಬಿಟ್ಟು ನೋಡಿ ನೀನೂ ಹೊರಡೇ, ನಾನೇನು ಎದ್ದು ಓಡಿ ಹೋಗ್ತೀನಾ ಅಂದ, ತನ್ನ ಮಾತಿಗೆ ತಾನೇ ನಕ್ಕು ಸೊಂಟ ನೋಯಿಸಿಕೊಂಡ, ಅವಳು ನೀರು ಕುಡಿಸಿದಳು, ದಿಂಬು ತಿರುಗಿಸಿದಳು, ಪಾತ್ರೆ ಇಟ್ಟಳು, ಪಾತ್ರೆ ತೆಗೆದಳು, ಎಲ್ಲವನ್ನೂ ಶೂ ಹಾಕಿಕೊಂಡೇ. ಐದೂ ಮುಕ್ಕಾಲು. ಆರು. ಏಳಕ್ಕೆ ಬಂದಳು ಅಕ್ಕ, ಗಂಟಲು ಕಟ್ಟಿಹೋಗಿತ್ತು, ಕೆನ್ನೆ ಕೆಂಪು, ಮೈಯೆಲ್ಲ ಬೇರೆಯವರ ಬೆವರಿನ ವಾಸನೆ, ಇಂಟರ್ವಲ್ಲೇ ಇರ್ಲಿಲ್ಲ ಕಣೇ, ದೇವರಾಣೆ, ಒಂದೇ ಉಸಿರಿಗೆ ಎಲ್ಲ ಬಾರಿಸಿಬಿಟ್ರು, ಹೊರಗೆ ಬರೋಕೆ ಜಾಗಾನೇ ಇಲ್ಲ, ಮುಂದಿನ ಸಲ ಇಬ್ರೂ ಹೋಗೋಣ. ಮುಂದಿನ ಸಲ ಅನ್ನುವುದು ಇರಲಿಲ್ಲ, ಎರಡು ತಿಂಗಳಿಗೆ ತಂಡ ಒಡೆಯಿತು. ಆಮೇಲೆ ಹತ್ತು ವರ್ಷ ಅಕ್ಕ ಆ ಮಧ್ಯಾಹ್ನವನ್ನು ಬಾಡಿಗೆಗೆ ಬಿಟ್ಟ ಮನೆಯ ಹಾಗೆ ಬಳಸಿದಳು, ತನ್ನ ಮದುವೆಯ ಮಾತುಕತೆಯಲ್ಲಿ ಹೇಳಿದಳು, ಅತ್ತೆಗೆ ಹೇಳಿದಳು, ಹೆರಿಗೆ ವಾರ್ಡಿನಲ್ಲಿ ಪಕ್ಕದ ಮಂಚದವಳಿಗೆ ಹೇಳಿದಳು, ನಾನವತ್ತು ಎರಡನೇ ಸಾಲಲ್ಲಿದ್ದೆ, ಹಾಡೋ ಮಾಸ್ತರು ಬೆವರು ಒರೆಸಿದ ಟವಲ್ಲು ನನ್ನ ಭುಜದ ಮೇಲೇ ಬಿತ್ತು, ನಮ್ಮ ಇವಳಿಗೆ ಇದರ ಹುಚ್ಚು ಅಷ್ಟಿಲ್ಲ. ನಮ್ಮ ಇವಳು ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಅಷ್ಟಿಲ್ಲ!

ಹೋದ ವರ್ಷ ಯಾರೋ ಪುಣ್ಯಾತ್ಮ ಆ ಹಳೆಯ ಕಾರ್ಯಕ್ರಮದ ರೆಕಾರ್ಡಿಂಗನ್ನು ಪೂರ್ತಿ ಇಂಟರ್ನೆಟ್ಟಿಗೆ ಹಾಕಿದ. ಊಟದ ಬಿಡುವಿನಲ್ಲಿ, ಆಸ್ಪತ್ರೆಯ ಕಿವಿ ಪರೀಕ್ಷೆಯ ಗಾಜಿನ ಗೂಡಿನೊಳಗೆ ಬಾಗಿಲು ಹಾಕಿಕೊಂಡು ಕೇಳಿದಳು, ನಲವತ್ತೇಳನೇ ನಿಮಿಷಕ್ಕೆ ಮಾಸ್ತರರ ದನಿ, ಇಪ್ಪತ್ತು ನಿಮಿಷ ನೀರು ಗೀರು ಕುಡಿದು ಬನ್ನಿ, ಓಡಿ ಹೋಗ್ಬೇಡಿ. ಇಂಟರ್ವಲ್ಲು. ಆ ಮಾತಿನ ಹಿಂದೆಯೇ ಗುಂಪಿನೊಳಗಿಂದ ಎರಡು ಬೆರಳಿಟ್ಟು ಹೊಡೆದ ಸಿಳ್ಳೆ, ಕೊನೆಯಲ್ಲಿ ಮೇಲಕ್ಕೆ ತಿರುಚಿಕೊಳ್ಳುವ ಸಿಳ್ಳೆ, ಅದನ್ನು ಅವಳು ಸಾವಿರ ಸಿಳ್ಳೆಯ ನಡುವೆ ಹೆಕ್ಕುತ್ತಾಳೆ, ಆ ಸಿಳ್ಳೆಯಿಂದಲೇ ಅಕ್ಕ ಬೀದಿಯ ತುದಿಯಿಂದ ಅವಳನ್ನು ಊಟಕ್ಕೆ ಕರೆಯುತ್ತಿದ್ದುದು. ಮುಂದಕ್ಕೆ ಓಡಿಸಿದಳು, ಎರಡನೇ ಅರ್ಧದ ಮೂರನೇ ಹಾಡಿನ ಕೊನೆಗೆ ಮತ್ತೆ ಅದೇ ಸಿಳ್ಳೆ. ದೇವರಾಣೆ ಅಂದಿದ್ದಳು. ಗೂಡಿನ ಗೋಡೆಗಳು ಒಂದು ಪಿಸುಮಾತನ್ನೂ ಹೊರಗೆ ಬಿಡುವುದಿಲ್ಲ, ಅವಳು ಅಲ್ಲಿ ಕೂತು ಒಂದು ಸಲ ಕೂಗಿದಳು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅಜ್ಜ ತಲೆಯೂ ಎತ್ತಲಿಲ್ಲ, ಮೊದಲೇ ಕಿವುಡು, ಮೇಲೆ ಗಾಜು. ಅಕ್ಕನಿಗೆ ಏನನ್ನೂ ಹೇಳಲಿಲ್ಲ. ಹೇಳಿದರೆ ಅಕ್ಕ ನಕ್ಕು ಅಯ್ಯೋ ಅವತ್ತಿನದ್ದು ಇವತ್ತಾ, ಬಾ ಟೀ ಕುಡಿ ಅನ್ನುತ್ತಾಳೆ, ನಗೆಯಲ್ಲಿ ತೇಲಿಸಿಬಿಡುತ್ತಾಳೆ, ಇವಳಿಗೆ ತೇಲುವುದು ಬೇಕಿರಲಿಲ್ಲ, ಕಲ್ಲನ್ನು ಕಲ್ಲಿನ ಹಾಗೆ ತಳದಲ್ಲಿ ಇಟ್ಟುಕೊಂಡಳು, ಒಂದು ವರ್ಷ ಪಾಚಿಯೂ ಕಟ್ಟದ ಹಾಗೆ ಉಜ್ಜಿ ಉಜ್ಜಿ ಇಟ್ಟುಕೊಂಡಳು.

ದೀಪ ಆರಿತು, ಬಿಸಿಲು ಆರಲಿಲ್ಲ, ಗಾಜಿನ ಮಾಡಿಗೆ ಯಾರು ಹೇಳಬೇಕು, ನಾಲ್ಕು ಜನ ಹಗಲು ಬೆಳಕಿನಲ್ಲೇ ನಡೆದು ಬಂದರು, ಬ್ಯಾಂಕಿಗೆ ಬಂದವರ ಹಾಗೆ, ಹೊಟ್ಟೆ ಬಂದಿದೆ, ಕೂದಲು ಹೋಗಿದೆ, ಅವಳ ಪಕ್ಕದ ದಂಪತಿಯಲ್ಲಿ ಗಂಡ ಕೇಳುತ್ತಿದ್ದಾನೆ, ಇವರಲ್ಲಿ ಹಾಡೋದ್ಯಾರೇ, ಆ ಮಧ್ಯದವರು ಕಣ್ರೀ, ಮಾಸ್ತರು, ಮುಂಚೆ ಲೆಕ್ಕದ ಮೇಷ್ಟ್ರಾಗಿದ್ರಂತೆ, ಓ ಅದಕ್ಕೇ ಮುಖ ಹಂಗಿದೆ, ನೀವು ಸುಮ್ನಿರ್ತೀರಾ, ನಾನು ಸುಮ್ನಿರ್ತೀನಿ ಅವರು ಇರ್ಬೇಕಲ್ಲ — ಡ್ರಮ್ಮು. ಪಕ್ಕೆಲುಬಿನ ಒಳಗೆ ಯಾರೋ ಬಾಗಿಲು ಬಡಿದ ಹಾಗೆ. ಅವಳಿಗೆ ಇದು ಗೊತ್ತಿರಲಿಲ್ಲ, ಹದಿನಾಲ್ಕು ವರ್ಷ ಕೇಳಿದ ಹಾಡಿಗೆ ಮೈ ಇದೆ ಅಂತ ಗೊತ್ತಿರಲಿಲ್ಲ, ನೆಲ ಕೂಡ ಹಾಡುತ್ತದೆ ಅಂತ, ಶೂ ತಳದಿಂದ ಮೊಣಕಾಲಿಗೆ ಏರುತ್ತದೆ ಅಂತ ಗೊತ್ತಿರಲಿಲ್ಲ, ಮಾಸ್ತರರ ದನಿ ಸ್ವಲ್ಪ ಒಡೆದಿದೆ, ಒಡೆದಲ್ಲಿ ಇನ್ನೂ ಚೆನ್ನಾಗಿದೆ, ಕನ್ನಡಕದಾಕೆ ಬೇಸ್ ಗಿಟಾರನ್ನು ಸೊಂಟದ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದಾಳೆ, ಆ ಉದ್ದ ಕುತ್ತಿಗೆಯವನು, ಎಲ್ಲರೂ ಕೊಕ್ಕರೆ ಅನ್ನುವವನು, ಬಲಕ್ಕೆ ನಿಂತು ಯಾರನ್ನೂ ನೋಡದೆ ತನ್ನ ಬೆರಳುಗಳನ್ನೇ ನೋಡುತ್ತಿದ್ದಾನೆ, ಎರಡನೇ ಹಾಡು, ಮೂರನೇ ಹಾಡು, ಅವಳ ಬಾಯಿ ತಾನಾಗಿ ಹಾಡುತ್ತಿದೆ, ಪಕ್ಕದ ಗಂಡ ಅವಳನ್ನೇ ನೋಡಿ ಹೆಂಡತಿಗೆ ನೋಡು ಇವರಿಗೆ ನಿನಗಿಂತ ಜಾಸ್ತಿ ಬರುತ್ತೆ ಅಂದ, ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇದನ್ನು, ಇದನ್ನು ಬಿಟ್ಟು ಅಕ್ಕ ಬರಬೇಕಾಗಿತ್ತು ಅವತ್ತು. ಯಾರಿಗಾದರೂ ಕಷ್ಟವೇ — ಹೌದು, ಕಷ್ಟ, ಅದಕ್ಕೇ ಅಲ್ಲವೇ ಮಾತು ಅಂತ ಕೊಡುವುದು, ಸುಲಭವಾಗಿದ್ದರೆ ಮಾತು ಯಾಕೆ ಕೊಡಬೇಕಿತ್ತು. ಸಿಹಿ ಹೆಚ್ಚಾದಷ್ಟೂ ಸಿಟ್ಟು ಹೆಚ್ಚುತ್ತದೆ, ಒಂದೊಂದು ಹಾಡಿಗೂ ಅಕ್ಕ ಕದ್ದದ್ದು ಎಷ್ಟು ಅಂತ ಈಗ ತಾನೇ ಗೊತ್ತಾಗುತ್ತಿದೆ, ಇಷ್ಟು ದಿನ ಎಷ್ಟು ಕಡಿಮೆ ಸಿಟ್ಟು ಮಾಡಿಕೊಂಡಿದ್ದೆ ಅಂತ ನಾಚಿಕೆಯಾಗುತ್ತದೆ.

ಮನೆಯಲ್ಲಿ ಇದ್ದದ್ದು ಒಂದೇ ಇಯರ್‌ಫೋನು, ಇಬ್ಬರಿಗೆ ಒಂದೊಂದು ಕಿವಿ, ಬಲಗಡೆಯದು ಯಾವಾಗಲೂ ಅಕ್ಕನದು. ಒಂದು ದಿನ ನಂಗೆ ಬಲಗಡೇದು ಕೊಡೇ ಅಂದರೆ ಕೊಡುತ್ತಿರಲಿಲ್ಲ, ಕಿತ್ತುಕೊಳ್ಳೋಕೆ ಹೋದರೆ ಕೈ ಚಿವುಟುತ್ತಿದ್ದಳು, ದೊಡ್ಡವಳು ನಾನು, ನಂಗೆ ಬೇಕಾದ್ದು ನಾನು ತಗೋತೀನಿ. ಎಡಗಡೆಯಲ್ಲಿ ಏನಿತ್ತು, ಬೇಸಿನ ಗುಮ್ಮು, ಚಿಕ್ಕ ತಾಳದ ಟಿಕಿ ಟಿಕಿ, ಮಾಸ್ತರರ ದನಿಯ ಅರ್ಧ. ನಾಲ್ಕು ವರ್ಷ ಅವಳು ಅರ್ಧ ಹಾಡನ್ನೇ ಪೂರ್ತಿ ಹಾಡು ಅಂತ ಪ್ರೀತಿಸಿದಳು. ‘ತೆರೆದ ಬಾಗಿಲು’ ಅನ್ನೋ ಹಾಡಿನ ನಡುವೆ ಒಂದು ಮೌನ ಇತ್ತು, ಇಪ್ಪತ್ತು ಸೆಕೆಂಡಿನ ಮೌನ, ಯಾರೋ ಉಸಿರು ತೆಗೆದುಕೊಂಡದ್ದು, ಕುರ್ಚಿ ಕಿರುಗುಟ್ಟಿದ್ದು, ಅಷ್ಟೇ, ಆ ಮೌನಕ್ಕೆ ಅವಳು ಕಾಯುತ್ತಿದ್ದಳು, ಅದು ಬಂದಾಗ ಕಣ್ಣು ಮುಚ್ಚುತ್ತಿದ್ದಳು, ಇಂಥ ಮೌನ ಬರೆಯಬಲ್ಲವರು ಲೋಕದಲ್ಲಿ ಯಾರಿದ್ದಾರೆ ಅಂದುಕೊಳ್ಳುತ್ತಿದ್ದಳು, ಪಕ್ಕದಲ್ಲಿ ಅಕ್ಕ ಅದೇ ಹೊತ್ತಿಗೆ ತಲೆ ಕುಣಿಸುತ್ತಾ ತೊಡೆ ಕುಟ್ಟುತ್ತಿದ್ದುದು ಯಾಕೆ ಅಂತ ಅರ್ಥವಾಗುತ್ತಿರಲಿಲ್ಲ. ಕಾಲೇಜಿಗೆ ಸೇರಿ ಎರಡೂ ಕಿವಿಯ ಹೆಡ್‌ಫೋನು ಕೊಂಡ ದಿನ ಗೊತ್ತಾಯಿತು, ಅಲ್ಲಿ ಮೌನವೇ ಇರಲಿಲ್ಲ, ಬಲಗಡೆಯಲ್ಲಿ ಕೊಕ್ಕರೆಯ ಗಿಟಾರು ಇಪ್ಪತ್ತು ಸೆಕೆಂಡೂ ಹುಚ್ಚು ಹೊಳೆಯ ಹಾಗೆ ಹರಿಯುತ್ತಿತ್ತು, ಅಕ್ಕ ನಾಲ್ಕು ವರ್ಷ ಅವಳ ಪಕ್ಕದಲ್ಲೇ ಕೂತು ಅದನ್ನು ಒಬ್ಬಳೇ ಕುಡಿದಿದ್ದಳು. ಅದೂ ಲೆಕ್ಕಕ್ಕೆ ಸೇರಿದೆ. ರಾತ್ರಿ ಅಪ್ಪ ಚಮಚದಿಂದ ಲೋಟ ಬಡಿದಾಗಲೆಲ್ಲ ಎದ್ದವಳು ಇವಳೇ, ಅಕ್ಕ ಗೋಡೆಗೆ ಮುಖ ಮಾಡಿ ಬಲಕ್ಕೆ ಮಗ್ಗುಲಾಗಿ ಕುಂಭಕರ್ಣನ ನಿದ್ದೆ, ಬೆಳಿಗ್ಗೆ ಎದ್ದು ಏನು ಅಪ್ಪ ರಾತ್ರಿ ಚೆನ್ನಾಗಿ ನಿದ್ದೆ ಬಂತಾ, ಅದೂ ಸೇರಿದೆ. ಬೀದಿಯಲ್ಲಿ ಜೊತೆಗೆ ನಡೆಯುವಾಗ ಯಾವಾಗಲೂ ತಾನೇ ಎಡಕ್ಕೆ, ಇವಳನ್ನು ಬಲಕ್ಕೆ ತಳ್ಳಿ, ಗಾಡಿಗಳು ಮೈ ಸವರಿಕೊಂಡು ಹೋಗುವ ಕಡೆಗೆ ತಳ್ಳಿ. ಅದೂ.

ಐದನೇ ಹಾಡು ಮುಗಿಯಿತು, ಮಾಸ್ತರು ನೀರು ಕುಡಿದು, ಇಂಟರ್ವಲ್ಲಿಗೆ ಮುಂಚೆ ಇದೊಂದು ಅಂದರು, ಕನ್ನಡಕದಾಕೆಯ ಬೇಸು ಮೆಲ್ಲಗೆ ಹೆಜ್ಜೆ ಇಟ್ಟಿತು, ಗುಂಪು ಹೋ ಅಂದಿತು, ‘ತೆರೆದ ಬಾಗಿಲು’. ಬಾಗಿಲು ತೆರೆದಿದೆ, ಯಾರೂ ಬರಬೇಡಿ. ಅವಳು ಕಣ್ಣು ಮುಚ್ಚಿದಳು, ಕಣ್ಣು ಮುಚ್ಚಿದ್ದು ತಪ್ಪಾಯಿತು, ಕತ್ತಲಲ್ಲಿ ಗೂಡು ಬಂತು, ಪರೀಕ್ಷೆಯ ಗೂಡು, ಮೂರು ತಿಂಗಳ ಹಿಂದಿನ ಮಂಗಳವಾರ, ಗಾಜಿನ ಆಚೆ ಅಕ್ಕ, ಕಿವಿಯ ಮೇಲೆ ದೊಡ್ಡ ಹೆಡ್‌ಫೋನು, ಕೈಯಲ್ಲಿ ಗುಂಡಿ, ಬೀಪ್ ಕೇಳಿದ ಕೂಡಲೇ ಒತ್ತಬೇಕು ಅಕ್ಕಾ, ಎಷ್ಟು ಸಣ್ಣಗೆ ಕೇಳಿದರೂ ಒತ್ತು, ಕೇಳದಿದ್ದರೆ ಒತ್ತಬೇಡ, ಆಯ್ತಾಯ್ತು ಡಾಕ್ಟರಮ್ಮ. ನಿಯಮದ ಪ್ರಕಾರ ಚೆನ್ನಾಗಿರೋ ಕಿವಿಯಿಂದ ಶುರು ಮಾಡಬೇಕು, ಯಾವ ಕಿವಿ ಚೆನ್ನಾಗಿದೆ ಅಂತ ಕೇಳಿದ್ದಳು, ಬಲಗಡೇದೇ ತಾನೇ, ಎಡಗಡೇದು ಬಿಡು, ಅದು ಹುಟ್ಟಿದಾಗಿಂದ ಅಲಂಕಾರಕ್ಕೆ ಇರೋದು, ಓಲೆ ಹಾಕೋಕೆ. ಇಬ್ಬರೂ ನಕ್ಕರು. ದಿನಕ್ಕೆ ಹದಿನಾರು ಜನ ಹೀಗೆ ಏನಾದರೊಂದು ತಮಾಷೆ ಮಾಡುತ್ತಾರೆ, ಹೆದರಿಕೆಗೆ. ಹಾಳೆಯ ಮೇಲೆ ಬಲಗಿವಿಯ ಕೆಂಪು ಸೊನ್ನೆಗಳು ಮೆಟ್ಟಿಲಿಳಿದ ಹಾಗೆ ಇಳಿದವು, ಎಡಗಿವಿಯ ನೀಲಿ ಗುರುತುಗಳು ಇಳಿಯಲೂ ಇಲ್ಲ, ಮೊದಲಿಂದ ಕೊನೆಯವರೆಗೆ ಹಾಳೆಯ ತಳದಲ್ಲೇ, ಹಳೆಯದು, ತುಂಬ ಹಳೆಯದು, ಮಗುವಾಗಿದ್ದಾಗಿನ ಯಾವುದೋ ಜ್ವರದ್ದಿರಬೇಕು, ಹಾಗಂತ ಇವಳೇ ಕೆಳಗೆ ಬರೆದಳು, ಎಡಗಿವಿ, ಬಾಲ್ಯದಿಂದ, ಅಂತ ಚಂದದ ಅಕ್ಷರದಲ್ಲಿ ಬರೆದು ಸಹಿ ಹಾಕಿ ಮೇಲಿನ ಡಾಕ್ಟರಿಗೆ ಕಳಿಸಿದಳು, ಮುಂದಿನವರು ಬನ್ನಿ ಅಂದಳು. ಬಾಲ್ಯದಿಂದ. ಕೈ ಬರೆಯಿತು, ತಲೆ ಓದಲಿಲ್ಲ, ಅದು ರೋಗಿಯ ಬಾಲ್ಯ, ತನ್ನ ಪಕ್ಕದಲ್ಲಿ ಒಂದೇ ಇಯರ್‌ಫೋನು ಹಂಚಿಕೊಂಡು ಕೂತವಳ ಬಾಲ್ಯ ಅಂತ ಓದಲಿಲ್ಲ —

ಬಲಗಡೆಯಿಂದ ಗಿಟಾರು. ಕೊಕ್ಕರೆ ಕುತ್ತಿಗೆ ಬಗ್ಗಿಸಿದ್ದಾನೆ, ಉಳಿದ ಮೂವರೂ ಕೈ ಬಿಟ್ಟು ನಿಂತಿದ್ದಾರೆ, ಇಪ್ಪತ್ತು ಸೆಕೆಂಡು, ಅವಳ ಮೌನದ ಜಾಗ, ಆ ಜಾಗ ತುಂಬ ಗಿಟಾರು, ಬಲಗಡೆಯ ಸ್ಪೀಕರಿನಿಂದ ಬಲಗಿವಿಗೆ, ಬೇಕು ಅಂತ ತಗೊಂಡದ್ದಲ್ಲ ಅಕ್ಕ, ಎಡಗಡೆಯದು ಹಾಕಿದರೆ ಅವಳಿಗೆ ಏನೂ ಕೇಳುತ್ತಲೇ ಇರಲಿಲ್ಲ, ಗಾಳಿಯೂ ಕೇಳುತ್ತಿರಲಿಲ್ಲ, ಅದಕ್ಕೇ ಚಿವುಟುತ್ತಿದ್ದಳು, ಹೇಳಿಕೊಳ್ಳೋಕೆ ನಾಚಿಕೆಯೋ ಏನೋ ದೊಡ್ಡವಳು ನಾನು ಅನ್ನುತ್ತಿದ್ದಳು, ಬಲಗಿವಿ ದಿಂಬಿಗೆ ಒತ್ತಿಕೊಂಡು ಮಲಗಿದರೆ ಅಪ್ಪ ಲೋಟ ಅಲ್ಲ ಗುಡುಗು ಬಡಿದರೂ ಕೇಳುತ್ತಿರಲಿಲ್ಲ, ನಿದ್ದೆ ಅಲ್ಲ ಅದು, ಕಿವಿ ಇಲ್ಲದಿರುವುದು, ರಸ್ತೆಯಲ್ಲಿ ಎಡಕ್ಕೆ ನಡೆದದ್ದು ತಂಗಿಯ ಮಾತು ಬಲಗಿವಿಗೆ ಬೀಳಲಿ ಅಂತ, ಮಾತು ಬೇಕಾಗಿತ್ತು ಅವಳಿಗೆ, ಇವಳ ಮಾತು — ಅಯ್ಯೋ, ನಿಲ್ಲು, ದೂರುಗಳೆಲ್ಲ ಒಂದೊಂದಾಗಿ ಕೈಯಿಂದ ಜಾರುತ್ತಿವೆ, ಎಷ್ಟು ವರ್ಷ ಜೋಪಾನ ಮಾಡಿದ್ದು, ಎಣ್ಣೆ ಹಚ್ಚಿ ಒರೆಸಿ ಇಟ್ಟಿದ್ದು, ಇಪ್ಪತ್ತು ಸೆಕೆಂಡಿನಲ್ಲಿ ಒಂದೂ ಉಳಿಯದ ಹಾಗೆ, ಅವಳಿಗೆ ಅಕ್ಕನ ಮೇಲೆ ಕನಿಕರ ಬರಬೇಕಿತ್ತು, ಬಂದದ್ದು ಕೆಂಡದಂಥ ಸಿಟ್ಟು, ನೋಡು, ಇದನ್ನೂ ಕಿತ್ತುಕೊಂಡಳು, ಹಾಡು ಕಿತ್ತುಕೊಂಡಳು, ಮಧ್ಯಾಹ್ನ ಕಿತ್ತುಕೊಂಡಳು, ಈಗ ತನ್ನ ಮೇಲಿನ ಸಿಟ್ಟನ್ನೂ ಇವಳ ಕೈಯಿಂದ ಕಿತ್ತುಕೊಳ್ಳುತ್ತಿದ್ದಾಳೆ, ಕುರುಡಿಯ ಮೇಲೆ ಕುಂಟಿಯ ಮೇಲೆ ಸಿಟ್ಟು ಮಾಡಬಾರದು ಅಂತ ಲೋಕ ಹೇಳುವ ಆ ಜಾಗಕ್ಕೆ ಹೋಗಿ ಆರಾಮಾಗಿ ಕೂತುಬಿಟ್ಟಳು, ಇನ್ನು ಇವಳು ಏನು ಮಾಡಿದರೂ ಇವಳೇ ಕೆಟ್ಟವಳು. ಇಲ್ಲ. ಒಂದು ಉಳಿದಿದೆ. ಸಿಳ್ಳೆ ಉಳಿದಿದೆ. ಕಿವಿಗೂ ಅದಕ್ಕೂ ಸಂಬಂಧವಿಲ್ಲ, ಇಪ್ಪತ್ತು ನಿಮಿಷ ಅಂತ ಮಾಸ್ತರು ಹೇಳಿದ್ದು ಅವಳಿಗೆ ಕೇಳಿತ್ತು, ಕೇಳಿದ್ದಕ್ಕೇ ಸಿಳ್ಳೆ ಹೊಡೆದದ್ದು, ಕೇಳಿಯೂ ನಿಂತಳು, ಬಂದು ದೇವರಾಣೆ ಅಂದಳು. ಆ ಒಂದನ್ನು ಇವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೂವತ್ತು ನಿಮಿಷ, ಅಂದರು ಮಾಸ್ತರು, ಮೊಣಕಾಲು ನೋವಿನವರು ಇದೀವಿ, ಬೈಕೋಬೇಡಿ. ಬಾಗಿಲುಗಳು ತೆರೆದವು, ಜನ ಹರಿದರು, ಪಕ್ಕದ ಗಂಡ ಈಗ ಬಿಟ್ಟರೆ ಮನೆಗೇ ಹೋಗಬಹುದಲ್ವಾ ಅಂದ, ಹೆಂಡತಿ ಮೊಣಕೈಯಿಂದ ತಿವಿದಳು, ಗೇಟಿನ ಹೆಂಗಸು ಕೂಗುತ್ತಿದ್ದಾಳೆ, ಪಟ್ಟಿ ಇದ್ದೋರು ಹೊರಗೆ ಹೋಗಿ ಬರಬಹುದು, ಪಟ್ಟಿ ತೋರಿಸಿ ಬನ್ನಿ, ಅವಳು ಖಾಲಿಯಾದ ನೆಲದ ಮೇಲೆ ಬಿಸಿಲಿನ ಒಂದು ಚೌಕದೊಳಗೆ ನಿಂತಿದ್ದಾಳೆ. ಐದು ನಿಮಿಷ. ಈಗ ಹೊರಟರೂ ಸಾಕು. ಕೈ ಕೆಳಗೆ ಮಾಡಿದಳು, ಪಟ್ಟಿ ಜಾರಿ ಬೆರಳ ಬುಡದವರೆಗೆ ಬಂತು, ಹಾಗೇ ನಿಂತಿತು. ಹತ್ತು ನಿಮಿಷ. ಫೋನು ನಡುಗಿತು, ಅಕ್ಕ ಈಗ ಕರೆ ಮಾಡುವುದಿಲ್ಲ, ಬರೆಯುತ್ತಾಳೆ, ಪಾಪು ಮಲಗಿದೆ, ಹೊರಟ್ಯಾ. ಆಮೇಲೆ ಇನ್ನೊಂದು, ಯಾವ ಯಾವ ಹಾಡು ಆಯ್ತು ಹೇಳಬೇಡ, ಬೇಡ ಬೇಡ ಹೇಳಬೇಡ. ಹದಿನೈದು ನಿಮಿಷ, ಬಿರಬಿರನೆ ನಡೆದರೆ ಹತ್ತು, ಅಲ್ಲಿಂದ ಅಕ್ಕ ಬರೋಕೆ ಹತ್ತು, ಆಯಿತು, ದಾಟಿತು, ಈಗ ಹೊರಟರೆ ಅಕ್ಕನಿಗೆ ಮೊದಲ ಹಾಡು ತಪ್ಪುತ್ತದೆ, ಈಗ ಎರಡು, ತಪ್ಪಲಿ, ಗೊತ್ತಾಗಲಿ. ಹೊರಟ್ಯಾ ಮರೀ. ಬಾಗಿಲಲ್ಲಿ ನಿಂತಿದೀನಿ. ಅವಳು ಪಟ್ಟಿಯನ್ನು ಮತ್ತೆ ಮಣಿಕಟ್ಟಿನ ಮೇಲಕ್ಕೆ ಏರಿಸಿಕೊಂಡಳು, ಹಲ್ಲಿನಿಂದ ಅದರ ತುದಿ ಕಚ್ಚಿ ಎಳೆದಳು, ಬಿಗಿಯಾಯಿತು, ಇನ್ನು ಕತ್ತರಿಸದೆ ಬಿಚ್ಚೋಕೆ ಬರಲ್ಲ. ಉತ್ತರವಾಗಿ ಬೆರಳು ಟೈಪು ಮಾಡುತ್ತಿದೆ, ಇಂಟರ್ವಲ್ಲೇ ಇರ್ಲಿಲ್ಲ ಅಕ್ಕಾ, ದೇವರಾಣೆ, ಕಳಿಸು ಅನ್ನುವುದನ್ನು ಒತ್ತಿದಳು. ಹೋಯಿತು. ಕೆಳಗೆ ಎರಡು ಗೆರೆ ಬಿದ್ದವು, ಗೆರೆ ನೀಲಿಯಾದವು, ಅಕ್ಕ ಓದಿದಳು. ಈಗ ನೆನಪಾಗಿರಬೇಕು. ಈಗ, ಬಾಗಿಲಲ್ಲಿ, ಕೈಯಲ್ಲಿ ಫೋನು ಹಿಡಿದು. ಅವಳು ಕಾದಳು, ಸಿಟ್ಟಿನ ಮಾತು ಬರಲಿ, ಬೈಗುಳ ಬರಲಿ, ಯಾಕೇ ಅಂತ ಒಂದು ಮಾತು ಬರಲಿ, ಹತ್ತು ವರ್ಷದಿಂದ ಅದಕ್ಕೆ ಉತ್ತರ ಕಟ್ಟಿಟ್ಟಿದ್ದಾಳೆ. ಅಕ್ಕ ಟೈಪು ಮಾಡುತ್ತಿದ್ದಾಳೆ ಅಂತ ಮೂರು ಚುಕ್ಕೆ ಕುಣಿದವು, ನಿಂತವು. ಕುಣಿದವು. ಬಂತು. ಸರಿ ಬಿಡು, ನೀನಾದ್ರೂ ಕೇಳು.

ಜನ ವಾಪಸು ತುಂಬಿಕೊಂಡರು, ಭುಜಗಳು ತಾಗಿದವು, ಪಕ್ಕದ ಗಂಡ ಹೋಗೋಕೆ ಬಿಡಲಿಲ್ಲ ನೋಡಿ ಇವಳು ಅಂತ ಇವಳಿಗೇ ದೂರು ಹೇಳಿದ, ನಾಲ್ವರು ಬಂದರು, ಡ್ರಮ್ಮಿನವನು ಕೋಲು ಎತ್ತಿದ, ಇದು ಅವಳದು, ಈ ಅರ್ಧ, ಹದಿನೆಂಟನೇ ವಯಸ್ಸಿನಿಂದ ಅವಳದು, ಕೋಲು ಇಳಿಯಿತು, ಬಾಯಿಗಳು ತೆರೆದವು, ಮಾಸ್ತರರ ಕುತ್ತಿಗೆಯ ನರ ಉಬ್ಬಿತು, ಅವಳಿಗೆ ಎಲ್ಲ ಕೇಳುತ್ತಿದೆ, ಎರಡೂ ಕಿವಿಗೆ, ಗೆದ್ದೆ ಅನ್ನುವ ಮಾತನ್ನು ಒಳಗೆ ಹುಡುಕುತ್ತಿದ್ದಾಳೆ, ಗೆದ್ದೆ, ಗೆದ್ದೆ ಅಂದರೆ — ಗಾಜು. ಗಾಜಿನ ಆಚೆ ಅಕ್ಕ. ಅವತ್ತು ಪರೀಕ್ಷೆಯ ನಡುವೆ ಇವಳು ಬೀಪ್ ನಿಲ್ಲಿಸಿದ್ದಳು, ಹಾಗೆ ಮಾಡಬೇಕು, ಸುಳ್ಳು ಒತ್ತುವವರನ್ನು ಹಿಡಿಯಲು ಸುಮ್ಮನೆ ಕೂತು ನೋಡಬೇಕು, ಏನನ್ನೂ ಕಳಿಸದೆ, ಇಪ್ಪತ್ತು ಸೆಕೆಂಡು, ಮೂವತ್ತು. ಅಕ್ಕ ಗಾಜಿನೊಳಗಿಂದ ಇವಳ ಮುಖವನ್ನೇ ನೋಡುತ್ತಿದ್ದಳು, ಇಷ್ಟು ಹೊತ್ತಾದ ಮೇಲೆ ಏನೋ ಬಂದಿರಲೇಬೇಕು ಅಂತ, ತಂಗಿ ಕಳಿಸಿರಲೇಬೇಕು, ತನಗೇ ಕೇಳುತ್ತಿಲ್ಲ ಅಂತ, ಗುಂಡಿ ಒತ್ತಿದಳು. ಇವಳ ಮೇಜಿನ ಮೇಲೆ ಪುಟ್ಟ ಹಸಿರು ದೀಪ ಹತ್ತಿ ಆರಿತು. ಅಕ್ಕ ನಕ್ಕಳು, ಸರಿಯಾಯ್ತಾ ಅನ್ನುವ ಹಾಗೆ, ಮತ್ತೆ ಒತ್ತಿದಳು. ಡ್ರಮ್ಮಿನ ಕೋಲು ಏಳುತ್ತಿದೆ, ಬೀಳುತ್ತಿದೆ, ಹಸಿರು ದೀಪ. ಮಾಸ್ತರರ ಬಾಯಿ ತೆರೆದಿದೆ, ಹಸಿರು ದೀಪ. ಅವಳು ಏನನ್ನೂ ಕಳಿಸಿಲ್ಲ. ಅಕ್ಕನ ಹೆಬ್ಬೆರಳು ಒತ್ತುತ್ತದೆ. ಏನನ್ನೂ ಕಳಿಸಿಲ್ಲ, ದೀಪ ಹತ್ತುತ್ತದೆ, ಗಾಜಿನ ಆಚೆ ಅಕ್ಕ ಇವಳ ಮುಖ ನೋಡಿಕೊಂಡು ಒತ್ತುತ್ತದೆ ಹೆಬ್ಬೆರಳು, ಏನನ್ನೂ ಕಳಿಸಿಲ್ಲ, ದೀಪ